ಅಮ್ಮನಿಗೆಂದು ತಂದ ರೇಡಿಯೊ: ಆರು ತಿಂಗಳು ಕೇಳಿದ ಮೇಲೆ

ಈ ರೇಡಿಯೊ ತಂದದ್ದು ಹೋದ ನವೆಂಬರ್‌ನಲ್ಲಿ. ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಮನೆಗೆ ಕರೆತಂದಿದ್ದೆವು. ದಿನಕ್ಕೆ ಆರು ಸಲ ಡ್ರಾಪ್ಸ್, ಕಪ್ಪು ಕನ್ನಡಕ, ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ. ಕೆಲವು ದಿನ ಟಿವಿ, ಮೊಬೈಲ್ ಎರಡನ್ನೂ ಕಡಿಮೆ ಮಾಡಿ ಅಂತ ಹೇಳಿ ಕಳಿಸಿದ್ದರು. ಅಮ್ಮನಿಗೆ ಎಪ್ಪತ್ತಾರು. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೋಟ, ಕೊಟ್ಟಿಗೆ ಅಂತ ದುಡಿದ ಜೀವ. ಈಗ ಮೈಸೂರಿನಲ್ಲಿ ನಮ್ಮ ಜೊತೆ ಇದ್ದಾಳೆ. ಇವತ್ತಿಗೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಕತ್ತಲಲ್ಲೇ ಮಂಚದ ಮೇಲೆ ಎದ್ದು ಕೂತು, "ಎಷ್ಟು ಗಂಟೆ ಆಯ್ತೇ?" ಅಂತ ಕೇಳುತ್ತಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಮಾತು. ಬೆಳಗಾಗುತ್ತಿದೆ ಅಂತ ಅವಳಿಗೆ ಯಾರಾದರೂ ಹೇಳುತ್ತಿರಬೇಕಿತ್ತು. ಮೂರನೇ ದಿನ ಸಂಜೆ ರೇಡಿಯೊ ಹುಡುಕಲು ಶುರು ಮಾಡಿದೆ.

ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದು ಕೆಲಸಕ್ಕೆ ಬರಲಿಲ್ಲ. ಫೋಟೊದಲ್ಲಿ ಚೆನ್ನಾಗಿತ್ತು. ಪೆನ್ ಡ್ರೈವ್ ಹಾಕಬಹುದು, ಬ್ಲೂಟೂತ್ ಇದೆ, ಟಾರ್ಚ್ ಇದೆ, ಮೇಲೆ ಸೋಲಾರ್ ಪಟ್ಟಿಯೂ ಇದೆ. ರೇಡಿಯೊ ಮಾತ್ರ ಹೆಸರಿಗೆ. ಸ್ಟೇಷನ್ ಬದಲಿಸಲು ಅಕ್ಕಿಕಾಳಿನಷ್ಟು ಗುಂಡಿ. ಆನ್ ಮಾಡಿದರೆ ಯಾವ ಸ್ಥಿತಿಯಲ್ಲಿದೆ ಅಂತ ಪುಟ್ಟ ಪರದೆ ನೋಡಿಯೇ ತಿಳಿಯಬೇಕು. ಕಣ್ಣಿಗೆ ವಿಶ್ರಾಂತಿ ಬೇಕು ಅಂತ ತಂದ ವಸ್ತು ಮತ್ತೆ ಕಣ್ಣನ್ನೇ ಕೇಳುತ್ತಿತ್ತು. ಎರಡನೇ ದಿನ ಸ್ಪೀಕರ್ ಗರಗರ ಅಂದಿತು. ವಾಪಸ್ ಕಳಿಸಿದೆ. ದುಡ್ಡು ಬರಲು ಹದಿನೆಂಟು ದಿನ ಆಯಿತು.

ಆಮೇಲೆ ದೇವರಾಜ ಅರಸು ರಸ್ತೆಗೆ ಹತ್ತಿರದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು. "ಯಾರಿಗಮ್ಮಾ?" ಅಂತ ಕೇಳಿದರು. "ನಮ್ಮ ತಾಯಿಗೆ, ಕಣ್ಣಿನ ಆಪರೇಷನ್ ಆಗಿದೆ" ಅಂದೆ. ಹಿಂದಿನ ಕಪಾಟಿನಿಂದ ಒಂದು ಕಪ್ಪು ಸೆಟ್ ತೆಗೆದು, ಧೂಳು ಒರೆಸಿ ಮುಂದಿಟ್ಟರು. "ಹಾಗಾದ್ರೆ ಇದನ್ನೇ ತಗೊಳ್ಳಿ. ಇದು ಕೈಗೆ ಗೊತ್ತಾಗುತ್ತೆ" ಅಂದರು. ಈ ಸೆಟ್ಟಿನ ಬಗ್ಗೆ ನಾನು ಬರೆಯಬೇಕಾದ ಅರ್ಧ ವಿಮರ್ಶೆ ಅವರ ಆ ಒಂದು ಮಾತಿನಲ್ಲೇ ಇದೆ.

ಬೆಲೆ 1,350 ರೂಪಾಯಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥ ಸೆಟ್‌ಗಳನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಹೆಸರಿಗಿಂತ ಏನೇನು ಇದೆ ಅನ್ನುವುದು ಮುಖ್ಯ. ದಪ್ಪ ನಿಘಂಟಿನಷ್ಟು ಗಾತ್ರ. ಮೇಲೆ ಹಿಡಿಕೆ, ಹಿಂದೆ ಎಳೆದು ಉದ್ದ ಮಾಡುವ ಏರಿಯಲ್. ಬಲಗಡೆ ದೊಡ್ಡ ತಿರುಗಣೆ, ಸ್ಟೇಷನ್ ಹಿಡಿಯಲು. ಎಡಗಡೆ ಸಣ್ಣದು. ಅದನ್ನು ತಿರುಗಿಸಿದರೆ ಟಕ್ ಅಂತ ಆನ್ ಆಗಿ, ಹಾಗೇ ಮುಂದಕ್ಕೆ ತಿರುಗಿಸಿದರೆ ಸದ್ದು ಏರುತ್ತದೆ. ಎಫ್‌ಎಂ, ಮೀಡಿಯಂ ವೇವ್, ಶಾರ್ಟ್ ವೇವ್ ಬದಲಿಸಲು ಒಂದು ಜಾರುವ ಗುಂಡಿ. ಮೂರು ದೊಡ್ಡ ಸೆಲ್ ಹಾಕಬೇಕು, ಇಲ್ಲವೇ ಕರೆಂಟಿಗೆ ವೈರ್ ಇದೆ. ಇಷ್ಟೇ. ಇನ್ನೇನೂ ಇಲ್ಲ.

ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಸವರಿದಳು. ಅರ್ಧ ನಿಮಿಷ ಸಾಕಾಯಿತು. ಎಡಗಡೆ ಟಕ್ ಅನ್ನಿಸಿದಳು. ಬಲಗಡೆ ತಿರುಗಿಸಿ, ಸ್ವಲ್ಪ ಹಿಂದೆ ತಂದು, ಮತ್ತೆ ಕೂದಲೆಳೆಯಷ್ಟು ಮುಂದೆ ಸರಿಸಿದಳು. ಒಂದು ದನಿ ಚೊಕ್ಕವಾಗಿ ಬಂತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊಬೈಲ್ ಕಲಿಸಲು ನಾನು ಅವಳಿಗೆ ಎಷ್ಟು ಸಲ ಸಿಡುಕಿದ್ದೇನೆ ಅಂತ ಆಗ ನೆನಪಾಗಿ ಬೇಜಾರಾಯಿತು.

ಮೈಸೂರಿನಲ್ಲಿರುವವರಿಗೆ ಮುಖ್ಯವಾದದ್ದು ಎಫ್‌ಎಂ 100.6. ನಮ್ಮ ಊರಿನ ಆಕಾಶವಾಣಿ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಏರಿಯಲ್ ಅರ್ಧ ಎಳೆದರೂ ಸ್ಪಷ್ಟವಾಗಿ ಬರುತ್ತದೆ. ಮೀಡಿಯಂ ವೇವ್‌ನಲ್ಲಿ 612ಕ್ಕೆ ಬೆಂಗಳೂರು ಸಿಗುತ್ತದೆ. ಅಪ್ಪ ಹಳ್ಳಿಯಲ್ಲಿ ಕೇಳುತ್ತಿದ್ದದ್ದು ಅದನ್ನೇ. ಸ್ಪೀಕರಿನ ದನಿ ದಪ್ಪಗಿದೆ. ಮಾತು ಚೆನ್ನಾಗಿ ಕೇಳುತ್ತದೆ. ಸಂಗೀತದಲ್ಲಿ ಮೃದಂಗದ ಎಡಭಾಗದ ನಾದ ಸ್ವಲ್ಪ ಮಂಕು. ಆದರೆ ವೀಣೆ, ಕೊಳಲು, ಮನುಷ್ಯರ ದನಿಗೆ ಏನೂ ಕೊರತೆಯಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗಲೂ ಹಾಲ್‌ನಿಂದ ವಾರ್ತೆ ಕೇಳಿಸುತ್ತದೆ.

ಮೊದಲ ಬೆಳಗ್ಗೆ ಅಮ್ಮ ನಿಲಯ ಶುರುವಾಗುವ ಮೊದಲೇ ರೇಡಿಯೊ ಹಾಕಿದ್ದಳು. ಬರೀ ಸುಯ್ ಅನ್ನುವ ಸದ್ದು. ಅದೇ ಸದ್ದಿಗೆ ನನಗೆ ಎಚ್ಚರವಾಯಿತು. "ಇರು, ಈಗ ಬರುತ್ತೆ" ಅಂದಳು. ಬಂತು. ಆ ಪಿಟೀಲು, ಹಿಂದೆ ತಂಬೂರಿ. ಆಕಾಶವಾಣಿಯ ಮುದ್ರಾ ಸಂಗೀತ. ನಾನು ಹಾಸಿಗೆಯಲ್ಲೇ ಇದ್ದೆ, ಆದರೆ ಹತ್ತು ವರ್ಷದ ಹುಡುಗಿಯಾಗಿ ಅರಸೀಕೆರೆ ಮನೆಯ ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಒಲೆಯ ಹೊಗೆ, ಕೊಟ್ಟಿಗೆಯಲ್ಲಿ ಕರು, ಅಪ್ಪ ಹಲ್ಲುಜ್ಜುವ ಸದ್ದು, ಎಲ್ಲ ಬಂತು. ಶಿವರಂಜನಿ ರಾಗದ ಆ ತುಣುಕನ್ನು 1930ರ ದಶಕದಲ್ಲಿ ಕಟ್ಟಿದ್ದು ವಾಲ್ಟರ್ ಕೌಫ್‌ಮನ್ ಅಂತ ಹೇಳುತ್ತಾರೆ. ಹಿಟ್ಲರನ ಕಾಲದಲ್ಲಿ ಚೆಕ್ ನಾಡಿನ ಕಡೆಯಿಂದ ಮುಂಬೈಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ ಅವರು. ತನ್ನ ಮನೆ, ಊರು ಬಿಟ್ಟು ಬಂದ ಒಬ್ಬ ಮನುಷ್ಯ ನಮ್ಮ ಇಡೀ ದೇಶದ ಬೆಳಗಿಗೆ ದನಿ ಕೊಟ್ಟ ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಗಂಟಲು ತುಂಬಿ ಬರುತ್ತದೆ.

ಮೈಸೂರಿನವರಿಗೆ ಇನ್ನೊಂದು ಹೆಮ್ಮೆಯೂ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಬಾನುಲಿ ನಿಲಯ ಶುರು ಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ. ಆ ನಿಲಯಕ್ಕೆ ಇಟ್ಟ ಹೆಸರು ಆಕಾಶವಾಣಿ. ಆಮೇಲೆ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ನಾವು 100.6 ಹಾಕಿದಾಗ ಕೇಳುವ ಆ ಪದ ಈ ಊರಿನ ಒಂದು ಮನೆಯಿಂದ ಹೊರಟು, ದೇಶ ಸುತ್ತಿ ವಾಪಸ್ ಬಂದದ್ದು.

ಇನ್ನು ಬಳಕೆಯ ಮಾತು. ಮೊದಲ ವಾರ ರೇಡಿಯೊ ಅಮ್ಮನದು. ಎರಡನೇ ವಾರದಿಂದ ಅದು ಮನೆಯದಾಯಿತು. ಹೇಗೆ ಅಂತ ಹೇಳುತ್ತೇನೆ.

ನನಗೆ ಥೈರಾಯ್ಡ್ ಇದೆ. ಒಂಬತ್ತು ವರ್ಷದಿಂದ ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಮಾತ್ರೆ. ನುಂಗಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನುವಂತಿಲ್ಲ, ಕಾಫಿಯನ್ನೂ ಕುಡಿಯುವಂತಿಲ್ಲ. ಕಾಫಿ ಬೇಗ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕಾಫಿಗೆ ಕಾಯುವ ಆ ಹೊತ್ತನ್ನು ನಾನು ಇಷ್ಟು ವರ್ಷ ಮೊಬೈಲಿಗೆ ಕೊಟ್ಟಿದ್ದೆ. ಮಾತ್ರೆ ನುಂಗಿ, ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತು, ಸಂಬಂಧಿಕರ ಗುಂಪಿನ ಶುಭೋದಯದ ಚಿತ್ರಗಳು, ಶಾಲೆಯ ಗುಂಪಿನ ಸುತ್ತೋಲೆಗಳು, ಯಾರೋ ಯಾರಿಗೋ ಬೈದದ್ದು, ಎಲ್ಲ ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ಬೆಳಗು ಆಗುವುದನ್ನು ನಾನು ನೋಡಿಯೇ ಇರಲಿಲ್ಲ.

ಈಗ ಹಾಗಿಲ್ಲ. ಮುದ್ರಾ ಸಂಗೀತ ಬಂದಾಗ ಮಾತ್ರೆ. ವಂದೇ ಮಾತರಂ ಮುಗಿಯುವ ಹೊತ್ತಿಗೆ ಮುಖ ತೊಳೆದಿರುತ್ತೇನೆ. ಭಕ್ತಿಗೀತೆ ಹೋಗುವಾಗ ಬಾಗಿಲಿಗೆ ನೀರು ಹಾಕಿ ರಂಗೋಲಿ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದರೆ ಡಿಕಾಕ್ಷನ್ ತನ್ನ ಪಾಡಿಗೆ ಇಳಿಯುತ್ತಿರುತ್ತದೆ. ಆಮೇಲೆ ಅಮ್ಮನ ಜೊತೆ ಮುಂದಿನ ವರಾಂಡದಲ್ಲಿ ಕೂರುವುದು. ಕೈ ಖಾಲಿ ಇದ್ದರೆ ಸೊಪ್ಪು ಬಿಡಿಸುತ್ತೇನೆ. ಕಣ್ಣು ಮಾತ್ರ ಖಾಲಿ. ಕಾಂಪೌಂಡ್ ಮೇಲೆ ಮಡಿವಾಳ ಹಕ್ಕಿ ಬಂದು ಕೂರುತ್ತದೆ. ಎದುರು ಮನೆಯ ತೆಂಗಿನ ಗರಿಯ ಹಿಂದೆ ಆಕಾಶ ಬೂದು, ಆಮೇಲೆ ಹಳದಿ ಆಗುತ್ತದೆ. ಇದನ್ನೆಲ್ಲ ನೋಡಲು ರೇಡಿಯೊ ಬಿಟ್ಟುಕೊಡುತ್ತದೆ. ಅದಕ್ಕೆ ನಮ್ಮ ಕಿವಿ ಸಾಕು. ಈ ಸೆಟ್ಟಿನ ಅತಿ ದೊಡ್ಡ ಗುಣ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಇದರಲ್ಲಿ ಬರೀ ನೆಮ್ಮದಿಯ ಮಾತಷ್ಟೇ ಇಲ್ಲ ಅಂತ ಗೊತ್ತು. ನಮ್ಮ ಮೈಯೊಳಗೆ ದಿನದ ಗಡಿಯಾರ ಇದೆ. ನಿದ್ದೆ, ಹಸಿವು, ಮೈಬಿಸಿ, ರಕ್ತದೊತ್ತಡ, ಎಲ್ಲ ಅದರ ಪ್ರಕಾರ ಏರಿ ಇಳಿಯುತ್ತವೆ. ಜೀವಕೋಶದೊಳಗೆ ಆ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣುನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಆ ಗಡಿಯಾರವನ್ನು ದಿನಾ ಸರಿಹೊಂದಿಸುವುದು ಮುಖ್ಯವಾಗಿ ಕಣ್ಣಿನ ಮೂಲಕ ಹೋಗುವ ಬೆಳಕು. ಬೆಳಗಿನ ಬೆಳಕು ಬಿದ್ದರೆ ಮೈಗೆ ದಿನ ಶುರುವಾಯಿತು ಅಂತ ತಿಳಿಯುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಾನೇ ಮಾಡಿರಲಿಲ್ಲ, ಅಷ್ಟೇ. ವರಾಂಡದಲ್ಲಿ ಕೂರಲು ಶುರು ಮಾಡಿ ಒಂದು ತಿಂಗಳಾದ ಮೇಲೆ ರಾತ್ರಿ ಹತ್ತೂವರೆಗೆ ಕಣ್ಣು ಎಳೆಯುತ್ತಿದೆ. ಮೊದಲು ಹನ್ನೆರಡಾಗುತ್ತಿತ್ತು.

ಅಮ್ಮನಿಗೆ ಬಿಪಿ ಇದೆ. ನಿದ್ದೆಯಲ್ಲಿ ಇಳಿದಿರುವ ರಕ್ತದೊತ್ತಡ ಎಚ್ಚರವಾಗುವ ಹೊತ್ತಿಗೆ ಏರುತ್ತದೆ. ವಯಸ್ಸಾದವರು ಮಲಗಿದ್ದವರು ದಡಕ್ಕನೆ ಎದ್ದು ನಿಂತರೆ ತಲೆ ಸುತ್ತಿ ಬೀಳುವ ಭಯವೂ ಇದೆ. ನಿಧಾನ ಏಳು ಅಂತ ಎಷ್ಟು ಹೇಳಿದರೂ ಕೇಳದವಳು ಈಗ ಎದ್ದು ಕೂತು, ಕಾಲು ಇಳಿಬಿಟ್ಟು, ಮೊದಲ ಹಾಡು ಮುಗಿಯುವವರೆಗೆ ಹಾಗೇ ಇರುತ್ತಾಳೆ. ಡಾಕ್ಟರ ಮಾತಿಗಿಂತ ಹಾಡಿನ ಮಾತು ನಡೆಯಿತು.

ಮನೆಗೆ ಇದರಿಂದ ಒಂದೇ ಹೊತ್ತು ಬಂತು. ಮೊದಲು ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಬೆಳಗು ಇದ್ದವು. ಅವರವರ ಮೊಬೈಲಿನ ಅಲಾರಂ, ಅವರವರ ಪರದೆ. ಈಗ ಭಕ್ತಿಗೀತೆ ಮುಗಿದರೆ ನಮ್ಮ ಮನೆಯವರು ಹಾಲು ತರಲು ಹೊರಡುತ್ತಾರೆ. ಚಿಂತನ ಕಾರ್ಯಕ್ರಮ ಶುರುವಾದರೆ ಮಗ ಸ್ನಾನಕ್ಕೆ. ವಾರ್ತೆ ಬಂದರೆ ಒಲೆಯ ಮೇಲೆ ಬಾಣಲೆ ಇಡಬೇಕು. ಯಾರೂ ಗಡಿಯಾರ ನೋಡುವುದಿಲ್ಲ, ಯಾರೂ ಯಾರನ್ನೂ ಕೂಗುವುದಿಲ್ಲ. ಅಪ್ಪನ ಕಾಲದಲ್ಲಿ ಹೀಗೇ ಇತ್ತು. ವಾರ್ತೆಗೆ ಮೊದಲು ಪಿಪ್ ಪಿಪ್ ಅಂತ ಬರುವ ಸಮಯದ ಸದ್ದಿಗೆ ಅಪ್ಪ ತಮ್ಮ ಎಚ್‌ಎಂಟಿ ಕೈಗಡಿಯಾರಕ್ಕೆ ಕೀ ಕೊಟ್ಟು ಮುಳ್ಳು ಸರಿಮಾಡುತ್ತಿದ್ದರು. 6.55ಕ್ಕೆ ಸಂಸ್ಕೃತ ವಾರ್ತೆ. "ಪ್ರವಾಚಕಃ ಬಲದೇವಾನಂದ ಸಾಗರಃ" ಅಂತ ಕೇಳಿದರೆ ನಾವು ಮಕ್ಕಳು ಚೀಲ ಹುಡುಕಬೇಕಿತ್ತು. ಸಂಸ್ಕೃತ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಆ ದನಿ ಬಂತೆಂದರೆ ಎಷ್ಟು ಹೊತ್ತಾಯಿತು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು.

ಆ್ಯಪ್‌ನಲ್ಲೂ ಆಕಾಶವಾಣಿ ಸಿಗುತ್ತದಲ್ಲ ಅಂತ ಮಗ ಕೇಳಿದ. ಸಿಗುತ್ತದೆ, ದೂರದ ಊರಿನಲ್ಲಿ, ಪರದೇಶದಲ್ಲಿ ಇರುವವರಿಗೆ ಅದು ದೊಡ್ಡ ಉಪಕಾರ. ನನ್ನ ತಂಗಿ ದುಬೈಯಲ್ಲಿ ಅದರಲ್ಲೇ ಕನ್ನಡ ಕೇಳುತ್ತಾಳೆ. ಆದರೆ ಇಂಟರ್‌ನೆಟ್ಟಿನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ, ಪಿಪ್ ಸದ್ದಿಗೆ ಗಡಿಯಾರ ಸರಿಮಾಡಲು ಆಗುವುದಿಲ್ಲ. ಅದಕ್ಕಿಂತ ಮುಖ್ಯ, ಆ್ಯಪ್ ತೆಗೆಯಲು ಮೊಬೈಲ್ ಕೈಗೆ ತಗೊಳ್ಳಬೇಕು. ತಗೊಂಡರೆ ಮುಗಿಯಿತು.

ಒಂದು ದಿನ ರಾಗಿರೊಟ್ಟಿಗೆ ಹಿಟ್ಟು ಕಲೆಸುತ್ತಿದ್ದೆ. ರೇಡಿಯೊದಲ್ಲಿ ಬೀಸುವ ಕಲ್ಲಿನ ಪದ ಬಂತು. ಯಾರೋ ಹಳ್ಳಿಯ ಹೆಂಗಸರು ಹಾಡಿದ ಧ್ವನಿಮುದ್ರಣ. ಅಮ್ಮ ಮಾತು ನಿಲ್ಲಿಸಿದಳು. ಆಮೇಲೆ ತಾನೂ ಸಣ್ಣಗೆ ಹಾಡಿಕೊಂಡಳು. ನನ್ನ ಅಜ್ಜಿ ಮೊದಲ ಕೋಳಿ ಕೂಗಿಗೆ ಎದ್ದು ಕಲ್ಲಿನ ಮುಂದೆ ಕೂರುತ್ತಿದ್ದಳಂತೆ. ಒಂದು ಮನೆಯ ಕಲ್ಲು ಶುರುವಾದರೆ ಪಕ್ಕದ ಮನೆಯ ಕಲ್ಲು. ಅದರಾಚೆ ಇನ್ನೊಂದು. ಕೇರಿಯೆಲ್ಲ ಕಲ್ಲಿನ ಸದ್ದು, ಹಾಡಿನ ಸದ್ದು. "ಯಾರ ಮನೇಲಿ ಕಲ್ಲು ಕೇಳ್ಲಿಲ್ವೋ ಆ ಮನೇಲಿ ಹುಷಾರಿಲ್ಲ ಅಂತ ಲೆಕ್ಕ ಕಣೇ. ಬೆಳಕು ಹರಿದ ಮೇಲೆ ಹೋಗಿ ವಿಚಾರಿಸ್ಕೊಂಡು ಬರೋರು" ಅಂದಳು. ನಾನು ಈ ಮಾತು ಹಿಂದೆಂದೂ ಕೇಳಿರಲಿಲ್ಲ. ನಲವತ್ತೊಂಬತ್ತು ವರ್ಷ ಅಮ್ಮನ ಮಗಳಾಗಿದ್ದೇನೆ.

ಕನ್ನಡದ ತ್ರಿಪದಿಗಳಲ್ಲಿ ಎಷ್ಟೋ ಪದಗಳು ಹೀಗೆ ಕತ್ತಲಲ್ಲಿ, ಕಲ್ಲಿನ ಸುತ್ತಿಗೆ ಹುಟ್ಟಿದವು. ಎದ್ದ ಕೂಡಲೇ ಯಾರನ್ನು ನೆನೆಯಬೇಕು ಅಂತ ಕೇಳಿಕೊಂಡು, ಭೂಮಿತಾಯಿಯನ್ನು ನೆನೆಯುವ ಪದ ನಮಗೆಲ್ಲ ಗೊತ್ತು. ಹಾಡಿದವರ ಕಣ್ಣಮುಂದೆ ಆಗ ಸೂರ್ಯ ಇರಲಿಲ್ಲ, ಒಂದು ಹಣತೆ ಇದ್ದರೆ ಹೆಚ್ಚು. ಅವರಿಗೆ ಬೆಳಗು ಮೊದಲು ಬರುತ್ತಿದ್ದದ್ದು ಕಿವಿಗೆ. ಕೋಳಿ, ಕಲ್ಲು, ಹಾಲು ಕರೆಯುವಾಗ ತಂಬಿಗೆಗೆ ಬೀಳುವ ಧಾರೆ, ಬಾವಿಯ ರಾಟೆ, ಆಮೇಲಿನ ಕಾಲದಲ್ಲಿ ರೇಡಿಯೊ. ನಾನು ಹುಟ್ಟಿದ ಮನೆಯಲ್ಲಿ ಈ ಎಲ್ಲ ಸದ್ದೂ ಒಂದರ ಹಿಂದೆ ಒಂದು ಇತ್ತು. ನನ್ನ ಮಗ ಹುಟ್ಟಿದ ಮನೆಯಲ್ಲಿ ಒಂದೂ ಇರಲಿಲ್ಲ.

ಇನ್ನೊಂದು ಬೆಳಗ್ಗೆ ಚಿತ್ರಗೀತೆಯಲ್ಲಿ ಬೇಂದ್ರೆಯವರ 'ಬೆಳಗು' ಬಂತು. 1967ರ 'ಬೆಳ್ಳಿಮೋಡ'ದಲ್ಲಿ ಎಸ್. ಜಾನಕಿ ಹಾಡಿದ್ದು. ಶಾಲೆಯಲ್ಲಿ ಆ ಪದ್ಯ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಬೆಳಗಾಗುತ್ತಿರುವಾಗ, ಬಯಲಿಗೆ ಮುಖ ಮಾಡಿ ಕೂತು ಕೇಳಿದ್ದು ಅದೇ ಮೊದಲು. ಎದುರಿಗೆ ಆಗುತ್ತಿದ್ದದ್ದನ್ನೇ ಆ ಹಾಡು ಹೇಳುತ್ತಿತ್ತು. ಅಮ್ಮ ಇನ್ನೂ ಕಪ್ಪು ಕನ್ನಡಕದಲ್ಲಿದ್ದಳು. "ಕಣ್ಣಿಗೆ ಮಸುಕು ಕಾಣ್ತಿದೆ. ಆದ್ರೂ ಬೆಳಗಾಗಿದ್ದು ಗೊತ್ತಾಯ್ತು" ಅಂದಳು. ಮುಂದಿನ ವಾರ ಕಣ್ಣು ತೋರಿಸಿಕೊಂಡು ಬರುವಾಗ ಒಂಟಿಕೊಪ್ಪಲು ಕಡೆ ಹೋಗಿ, ಕುವೆಂಪು ಅವರ ಮನೆ 'ಉದಯರವಿ'ಯನ್ನು ಆಟೊದಿಂದಲೇ ಅಮ್ಮನಿಗೆ ತೋರಿಸಿದೆ. ಮನೆಗೆ ಬೆಳಗಿನ ಸೂರ್ಯನ ಹೆಸರಿಟ್ಟಿದ್ದಾರೆ ಅಂದೆ. "ಇಟ್ಟುಕೊಳ್ಳಬೇಕಾದ ಹೆಸರೇ" ಅಂದಳು.

ಇನ್ನು ಮೀಡಿಯಂ ವೇವ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈಗಿನ ಎಷ್ಟೋ ಸೆಟ್‌ಗಳಲ್ಲಿ ಅದು ಇರುವುದೇ ಇಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಡಿಸೆಂಬರ್‌ನ ಒಂದು ಬೆಳಗ್ಗೆ ಅಮ್ಮ ಸುಮ್ನೆ ಮುಳ್ಳು ಸರಿಸುತ್ತಿದ್ದಳು. 765ರ ಹತ್ತಿರ ಧಾರವಾಡ ಸಿಕ್ಕಿತು. ಮೈಸೂರಿಗೂ ಧಾರವಾಡಕ್ಕೂ ನಾನೂರು ಕಿಲೋಮೀಟರ್ ಹತ್ತಿರ ಹತ್ತಿರ ಇದೆ. ದನಿ ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಆ ಕಡೆಯ ಕನ್ನಡ, ಆ ಕಡೆಯ ವಚನ ಗಾಯನ. ನಾವಿಬ್ಬರೂ ಅಲುಗಾಡದೆ ಕೇಳಿದೆವು. ಆರೂವರೆ ದಾಟಿತು, ಆಕಾಶ ಬಿಳಿಚಿತು. ದನಿ ಸಣ್ಣಗಾಗುತ್ತಾ ಹೋಯಿತು. ಸೂರ್ಯ ಮೇಲೆ ಬರುವಷ್ಟರಲ್ಲಿ ಧಾರವಾಡ ಇರಲಿಲ್ಲ. ಬರೀ ಸುಯ್ ಸದ್ದು. ಸೆಲ್ ಹೋಯಿತು ಅಂದುಕೊಂಡೆ. 612ಕ್ಕೆ ತಿರುಗಿಸಿದರೆ ಬೆಂಗಳೂರು ಗಟ್ಟಿಯಾಗಿಯೇ ಇತ್ತು.

ನಮ್ಮ ಶಾಲೆಯ ಫಿಸಿಕ್ಸ್ ಮೇಷ್ಟ್ರನ್ನು ಕೇಳಿದೆ. ಅವರ ಕಣ್ಣು ಅರಳಿತು. ಮೀಡಿಯಂ ವೇವ್ ಅಲೆಗಳು ಹಗಲಲ್ಲಿ ನೆಲ ಹಿಡಿದು ಬರುವಷ್ಟು ದೂರ ಮಾತ್ರ ಬರುತ್ತವೆ. ರಾತ್ರಿ ಅವು ಆಕಾಶದ ಎತ್ತರದ ಒಂದು ಪದರಕ್ಕೆ ತಾಗಿ ದೂರದ ಊರಿಗೆ ಇಳಿಯುತ್ತವೆ. ಹಗಲು ಹಾಗೆ ಆಗದಿರಲು ಕಾರಣ ಸೂರ್ಯ. ಅವನ ಕಿರಣ ಬಿದ್ದರೆ ಕೆಳಗಡೆ ಇನ್ನೊಂದು ಪದರ ಹುಟ್ಟಿ, ಮೇಲೆ ಹೋಗುವ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ. ಅಂದರೆ ಆ ಬೆಳಗ್ಗೆ ನಾವು ಕೇಳಿದ್ದು ಸೂರ್ಯ ಹುಟ್ಟುವ ಸದ್ದನ್ನೇ. ಧಾರವಾಡದ ದನಿ ಅಡಗುವುದರಲ್ಲಿ ಬೆಳಗು ಕೇಳಿಸಿತ್ತು.

ಅಮ್ಮನಿಗೆ ಇದನ್ನು ಹೇಳಿದೆ. ಅವಳು ಪದರದ ಲೆಕ್ಕ ಕೇಳಲಿಲ್ಲ. ಆದರೆ ಮಾರನೇ ದಿನದಿಂದ ಧಾರವಾಡ ಎಷ್ಟು ಹೊತ್ತಿನವರೆಗೆ ಇರುತ್ತದೆ ಅಂತ ಕ್ಯಾಲೆಂಡರಿನ ಮನೆಗಳಲ್ಲಿ ನನ್ನ ಕೈಯಲ್ಲಿ ಬರೆಸಲು ಶುರು ಮಾಡಿದಳು. ಡಿಸೆಂಬರ್ ಮುಗಿದು ಜನವರಿ ಬಂದರೂ ಧಾರವಾಡ ಅಡಗುವ ಹೊತ್ತು ಹಿಂದೆ ಸರಿಯಲಿಲ್ಲ, ಇನ್ನೂ ಮುಂದಕ್ಕೇ ಹೋಯಿತು. ಅದು ಸರಿಯೇ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್‌ನಲ್ಲಾದರೂ ನಮ್ಮ ಕಡೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ, 6.45ರ ಆಸುಪಾಸು. ಫೆಬ್ರವರಿಯ ನಂತರ ಹೊತ್ತು ಕಡಿಮೆಯಾಗುತ್ತಾ ಬಂತು. ಈಗ ಮೇ. ನಿಲಯ ಶುರುವಾಗುವ ಹೊತ್ತಿಗೇ ಬೆಳಕು ಹರಿದಿರುತ್ತದೆ. ಧಾರವಾಡ ಸಿಗುವುದೇ ಇಲ್ಲ. ಅದರ ಬದಲು ಕೋಗಿಲೆ ಜಾಸ್ತಿಯಾಗಿದೆ.

ಕೊರತೆಗಳನ್ನೂ ಹೇಳಬೇಕು, ಇವೆ. ಮೀಡಿಯಂ ವೇವ್‌ಗೆ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಆಗುವುದಿಲ್ಲ. ಹತ್ತಿರ ಉರಿಯುತ್ತಿದ್ದರೆ ಕರಕರ ಅನ್ನುತ್ತದೆ. ಕರೆಂಟಿನ ವೈರ್ ಹಾಕಿದರೂ ಹಾಗೇ. ಸೆಲ್ಲಿನಲ್ಲಿ ಹಾಕಿ, ಗೋಡೆಯಿಂದ ದೂರ, ಕಿಟಕಿಯ ಹತ್ತಿರ ಇಡಬೇಕು. ಅದಕ್ಕೆ ಉದ್ದದ ಏರಿಯಲ್ ಲೆಕ್ಕಕ್ಕಿಲ್ಲ, ಅದು ಎಫ್‌ಎಂಗೆ ಮತ್ತು ಶಾರ್ಟ್ ವೇವ್‌ಗೆ. ಮೀಡಿಯಂ ವೇವ್ ಹಿಡಿಯುವ ಕಡ್ಡಿ ಒಳಗೆ ಅಡ್ಡ ಮಲಗಿದೆ. ಹಾಗಾಗಿ ಇಡೀ ಸೆಟ್ಟನ್ನೇ ಸ್ವಲ್ಪ ತಿರುಗಿಸಿ ಇಟ್ಟರೆ ದನಿ ತಿಳಿಯಾಗುತ್ತದೆ. ನಮ್ಮ ಮನೆಯಲ್ಲಿ ಅದರ ಮುಖ ತುಳಸಿಕಟ್ಟೆಯ ಕಡೆ ಇರಬೇಕು.

ಡಯಲಿನ ಅಂಕಿಗಳು ಸರಿಯಿಲ್ಲ. 100.6 ಬರುವುದು ಮುಳ್ಳು 101 ದಾಟಿದ ಮೇಲೆ. ಅಮ್ಮನಿಗೆ ಅಂತ ನಾನು ಅಲ್ಲಿ ಒಂದು ಕೆಂಪು ಬಿಂದಿ ಅಂಟಿಸಿದ್ದೇನೆ, ಬೆರಳಿಗೆ ಸಿಗುತ್ತದೆ. ಒಳಗೆ ದೀಪ ಇಲ್ಲ. ಸೆಲ್ ಮುಚ್ಚಳದ ಕೊಕ್ಕೆ ಮೂರನೇ ತಿಂಗಳಿಗೆ ಮುರಿಯಿತು, ಈಗ ಟೇಪ್ ಹಾಕಿದ್ದೇವೆ. ಈ ಬೆಲೆಗೆ ಅಷ್ಟು ತೆಳು ಪ್ಲಾಸ್ಟಿಕ್ ಹಾಕಬಾರದಿತ್ತು. ಸದ್ದಿನ ತಿರುಗಣೆ ಮೊದಲ ಸುತ್ತಿನಲ್ಲೇ ಜೋರಾಗಿ ಜಿಗಿಯುತ್ತದೆ. ಮಗ ರಾತ್ರಿ ಓದಿ ತಡವಾಗಿ ಮಲಗಿದ ದಿನ ಇದು ಕಷ್ಟ. ಆ ದಿನ ಅಮ್ಮ ಮೇಲೆ ಒಂದು ಟವೆಲ್ ಹೊದಿಸುತ್ತಾಳೆ.

ಸೆಲ್ ಮೂರಕ್ಕೆ ನೂರು ರೂಪಾಯಿ ಚಿಲ್ಲರೆ. ದಿನಕ್ಕೆ ಎರಡು ಗಂಟೆಯ ಹಾಗೆ ಹಾಕಿದರೆ ಎರಡು ತಿಂಗಳು ಬರುತ್ತವೆ. ತಿಂಗಳಿಗೆ ಐವತ್ತು, ಅರವತ್ತು ರೂಪಾಯಿಯ ಖರ್ಚು. ಊರಿಗೆ ಹೋಗುವಾಗ ಸೆಲ್ ತೆಗೆದಿಟ್ಟು ಹೋಗಿ. ಒಮ್ಮೆ ಮರೆತು ಹೋಗಿದ್ದೆವು. ಒಂದು ಸೆಲ್ ಸೋರಿ ತಂತಿಗೆ ಹಸಿರು ಹಿಡಿದಿತ್ತು. ನಿಂಬೆರಸ ಹಚ್ಚಿ, ಒರೆಸಿ, ಒಣಗಿಸಿದ ಮೇಲೆ ಸರಿಹೋಯಿತು.

ಹಾಡು ತಮಗೆ ಬೇಕಾದದ್ದೇ ಬರಬೇಕು ಅನ್ನುವವರು ಇದನ್ನು ಕೊಳ್ಳಬೇಡಿ. ಯಾವುದು ಬರುತ್ತದೋ ಅದನ್ನು ಕೇಳಬೇಕು. ನನಗೆ ಹಿಡಿಸಿದ್ದು ಅದೇ. ರೈತರಿಗೆ ಹೇಳುವ ಹವಾಮಾನ, ತೆಂಗಿನ ನುಸಿರೋಗಕ್ಕೆ ಏನು ಮಾಡಬೇಕು ಅನ್ನುವುದು, ಗೊತ್ತಿಲ್ಲದ ಊರಿನ ಯಾರದೋ ಹೆಸರು, ಎಲ್ಲ ನಮ್ಮ ವರಾಂಡಕ್ಕೆ ಬರುತ್ತದೆ. ತೋಟ ಬಿಟ್ಟು ಬಂದು ಏಳು ವರ್ಷವಾದರೂ ನುಸಿರೋಗದ ಮಾತು ಬಂದರೆ ಅಮ್ಮ ಸದ್ದು ಏರಿಸುತ್ತಾಳೆ.

ವಯಸ್ಸಾದವರಿಗೆ ಕೊಡಿಸುವುದಾದರೆ ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ. ಕಣ್ಣು ಮುಚ್ಚಿಸಿ, ತಿರುಗಣೆ ಅವರ ಬೆರಳಿಗೆ ಹೊಂದುತ್ತದೆಯಾ ನೋಡಿ. ಮೀಡಿಯಂ ವೇವ್ ಇರುವ ಸೆಟ್ಟೇ ಬೇಕು ಅಂತ ಕೇಳಿ. ಪೆಟ್ಟಿಗೆಯ ಮೇಲೆ ಎಂಡಬ್ಲ್ಯೂ ಅಂತ ಬರೆದಿರುತ್ತದೆ.

ಅಮ್ಮನ ಕಣ್ಣು ಈಗ ಚೆನ್ನಾಗಿದೆ. ಟಿವಿ ನೋಡಬಹುದು, ಮೊಬೈಲಿನಲ್ಲಿ ತಂಗಿಯ ಮಕ್ಕಳನ್ನು ನೋಡಿ ಮಾತಾಡುತ್ತಾಳೆ. ಬೆಳಗ್ಗೆ ಮಾತ್ರ ರೇಡಿಯೊ. ಎಡಗಣ್ಣಿನ ಆಪರೇಷನ್ ಇನ್ನು ಬಾಕಿ ಇದೆ, ಅದನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳೋಣ ಅಂತ ಅವಳೇ ಹೇಳಿದಳು. ಯಾಕಮ್ಮ ಅಂದೆ. "ಆಗ ಧಾರವಾಡ ಸಿಗುತ್ತಲ್ಲ" ಅಂದಳು. ಈ ವಾರ ಸೆಲ್ ಇಳಿದಿದೆ, ದನಿ ಸಣ್ಣಗಾಗಿದೆ. ಸಂಜೆ ಶಾಲೆಯಿಂದ ಬರುವಾಗ ಮೂರು ತರಬೇಕು.